ಗುರುಶಾಂತಪ್ಪನ ರಾತ್ರಿ ಎಂಟೂವರೆ

"ನಮ್ಮ ಮನಿ ಇಂಟರ್ನೆಟ್ ನಿಲ್ಲೂದಾ? ನಾ ಇರೂತನಕ ಸಾಧ್ಯನ ಇಲ್ಲ!"

ಹೀಗೆ ಎದೆ ತಟ್ಟಿಕೊಂಡವನು ಪರದೇಶದ ಮಾರಿಸ್‌ವಿಲ್‌ನ ಗುರುಶಾಂತಪ್ಪ. ವೃತ್ತಿಯಿಂದ ನೆಟ್‌ವರ್ಕ್ ಇಂಜಿನಿಯರ್, ಕಂಪನಿಗಳ ಇಂಟರ್ನೆಟ್ ಟ್ರಾಫಿಕ್ಕನ್ನು ಬೆರಳ ತುದಿಯಲ್ಲಿ ಕುಣಿಸುವ ಧೀರ. ಸ್ವಂತ ಮನೆಗೆ ಮಾತ್ರ ಎಲ್ಲಕ್ಕಿಂತ ಸಣ್ಣ ಪ್ಲಾನ್ ಹಾಕಿಸಿದ್ದ!

ಅದು ಕೊರೊನಾ ಕಾಲ, 2021ರ ಜನವರಿ. ಹೆಂಡತಿ ನೀಲಗಂಗಾ ಧಾರವಾಡದಲ್ಲಿ ಡಾಕ್ಟರಾಗಿದ್ದವಳು. ಇಲ್ಲಿಗೆ ಬಂದು ಐದು ವರ್ಷ ಪರೀಕ್ಷೆ ಮೇಲೆ ಪರೀಕ್ಷೆ ಬರೆದ ಮೇಲೆ ಡರ್ಹಮ್‌ನ ಆಸ್ಪತ್ರೆಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ವಿಡಿಯೊದಲ್ಲಿ. ಬಂದದ್ದು ಅದೊಂದೇ.

"ರೀ, ದೊಡ್ಡ ಪ್ಲಾನ್ ತಗೋರಿ. ಅರ್ಧಕ್ಕ ನಿಂತ್ರ ಏನ್ ಮಾಡ್ಲಿ?"

"ಸರಾಸರಿ ನೋಡು ನೀಲಾ! ದಿನದ ಸರಾಸರಿಗೆ ಈಗ ಇರೂ ಸ್ಪೀಡಿನಾಗ ಅರ್ಧನೂ ಬ್ಯಾಡ. ಎಲ್ಲಾರೂ ಒಮ್ಮೆಲೆ ಮೊದಲನೇ ಪಂಕ್ತಿಗೆ ನುಗ್ಗಿದಾಗಷ್ಟ ತ್ರಾಸು. ನಾ ಪಾಳಿ ಹಚ್ತೀನಿ."

ಹಚ್ಚಿಯೇಬಿಟ್ಟ! ಭಾನುವಾರ ಮಧ್ಯಾಹ್ನ ರೌಟರಿಗೆ ಕಟ್ಟಪ್ಪಣೆ ಹೊರಟಿತು: ಫೋಟೊಗಳ ಬ್ಯಾಕಪ್, ಲ್ಯಾಪ್‌ಟಾಪುಗಳ ಅಪ್‌ಡೇಟ್, ಟಿವಿಯ ಡೌನ್‌ಲೋಡ್, ಎಲ್ಲಕ್ಕೂ ದಿನಾ ರಾತ್ರಿ ಎಂಟೂವರೆಗೇ ಬಿಡುಗಡೆ. ಆ ರಾತ್ರಿ ಅವು ಹೊರಟವೋ ಇಲ್ಲವೋ ಎಂದು ಅವನು ನೋಡಲಿಲ್ಲ. ತಾನು ಮಾಡಿದ್ದನ್ನು ತಾನೇ ಪರೀಕ್ಷಿಸುವುದು ಅವಮಾನವಲ್ಲವೇ!

ಸೋಮವಾರ ಹತ್ತು ಗಂಟೆ. ಹಣೆಗೆ ವಿಭೂತಿ ಹಚ್ಚಿಕೊಂಡು ಕೂತ ನೀಲಗಂಗಾ, ಪರದೆಯಲ್ಲಿ ಮೂಡಿದ ಮೂವರಿಗೆ "ಗುಡ್" ಅಂದಳು. "ಮಾರ್ನಿಂಗ್" ಹೋಗಲೇ ಇಲ್ಲ. ಮೂವರೂ ಬಾಯಿ ತೆರೆದಲ್ಲೇ ಕಲ್ಲಾದರು!

ಮಹಡಿಯಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತಿದ್ದ ಮಗಳು ಶ್ರೀದೇವಿ ಕೂಗಿದಳು: "ಅಪ್ಪಾ, ಮೈ ಕ್ಲಾಸ್ ಫ್ರೋಜ್! ನೀನು ಏನು ಮಾಡಿದೆ?"

"ನಾ ಏನೂ ಮಾಡಿಲ್ಲವ್ವಾ!"

ಗುರುಶಾಂತಪ್ಪ ಜನವರಿಯ ಚಳಿಯಲ್ಲೂ ಬೆವರಿದ. ಟಿವಿಯ ಪ್ಲಗ್ ಕಿತ್ತ, ಗಾಬರಿಯಲ್ಲಿ ಮೈಕ್ರೋವೇವಿನದ್ದೂ ಕಿತ್ತ! ನೀಲಗಂಗಾ ಲ್ಯಾಪ್‌ಟಾಪನ್ನೂ ಫೋನನ್ನೂ ಎತ್ತಿಕೊಂಡು ಗರಾಜಿಗೆ ಹೋಗಿ, ಕಾರಿನಲ್ಲಿ ಕೂತು, ಫೋನಿನ ಇಂಟರ್ನೆಟ್‌ನಲ್ಲಿ ಮತ್ತೆ ಸೇರಿಕೊಂಡಳು.

ಅವನು ತನ್ನ ಲ್ಯಾಪ್‌ಟಾಪಿನಲ್ಲಿ ರೌಟರಿನ ಸೆಟ್ಟಿಂಗ್ ಪುಟ ತೆರೆದ. ಬ್ಯಾಕಪ್, ಅಪ್‌ಡೇಟ್, ಡೌನ್‌ಲೋಡ್ ಎಲ್ಲವೂ ಒಟ್ಟಿಗೇ ಓಡುತ್ತಿದ್ದವು. ಮೇಲೆ ಗಡಿಯಾರ: ರಾತ್ರಿ 8:34. ಇಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ತಾಸು ಹಿಂದೆ ಮುಂದೆ ತಿರುಗಿಸುತ್ತಾರೆ; ಅದರಿಂದ ಧಾರವಾಡದ ಅವ್ವನ ವಿಡಿಯೊ ಕರೆಯ ಹೊತ್ತು ತಪ್ಪಬಾರದೆಂದು ರೌಟರನ್ನು ಭಾರತದ ಸಮಯಕ್ಕೆ ಇಟ್ಟ ಮಹಾಶಯ ಅವನೇ!

ಓಡಿಹೋಗಿ ಕಾರಿನ ಕಿಟಕಿ ಬಡಿದ. "ಸಿಕ್ತು! ಅದು ಧಾರವಾಡದ ಟೈಮು! ಇಲ್ಲಿ ಮುಂಜಾನೆ ಹತ್ತು ಅಂದ್ರ ಅಲ್ಲಿ ರಾತ್ರಿ ಎಂಟೂವರೆ!"

ಅವಳು ಕಣ್ಣೆತ್ತದೆ, ಒಂದೇ ಬೆರಳಿನಿಂದ ಮನೆಯ ಬಾಗಿಲು ತೋರಿಸಿದಳು.

ನಲವತ್ತು ನಿಮಿಷ ಮೆಟ್ಟಿಲ ಮೇಲೆ ಕೂತ. ಅವಳ ಐದು ವರ್ಷವನ್ನು ಕೈಯಾರೆ ಹಾಳುಮಾಡಿದೆನಲ್ಲ ಎಂದುಕೊಂಡ. ಕೊನೆಗೆ ಕಾರಿನ ಬಾಗಿಲು ತೆರೆಯಿತು.

"ಏನ್ ಕೇಳಿದ್ರು?"

"ನಾಕ ಬೆಡ್ ಇದ್ದು, ಒಮ್ಮೆಲೆ ಇಪ್ಪತ್ತು ಪೇಶಂಟ್ ಬಂದ್ರ ಏನ್ಮಾಡ್ತೀರಿ ಅಂದ್ರು."

"ನೀ ಏನಂದಿ?"

"ಮೊದಲ, ಸರಾಸರಿ ಲೆಕ್ಕ ಹೇಳೋರನ್ನ ಹೊರಗ ಕಳಿಸ್ತೀನಿ ಅಂದೆ. ಮೂರೂ ಮಂದಿ ಬಿದ್ದು ಬಿದ್ದು ನಕ್ರು. ಗುರುವಾರ ಮತ್ತ ಕರದಾರ."

ಗುರುಶಾಂತಪ್ಪನಿಗೆ ಹೋದ ಜೀವ ಬಂದಂತಾಯಿತು. "ಗುರುವಾರ ನೋಡು, ನಾ ಎಂಥಾ ವ್ಯವಸ್ಥಾ..."

"ಕಾರಿನ ಕೀಲಿ ನನ್ನ ಹತ್ರನ ಇರ್ಲಿ ಬಿಡ್ರಿ!"