ಥಂಡಿ ಪ್ಲಾಸ್ಮಾ ಮತ್ತು ನನ್ನ ಬಲಗಾಲು

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ, ಕೆಲವರಿಗೆ ಕೈ. ನನಗೆ ಕಾಲು. ಬನಹಟ್ಟಿಯಲ್ಲಿ ಕೈಮಗ್ಗದ ಹಲಗೆ ತುಳಿಯುತ್ತಲೇ ಮುದುಕನಾದವನು ನಾನು. ಊಟಕ್ಕೆ ಕೂತರೂ ಬಲಗಾಲು ತುಳಿಯುತ್ತಿರುತ್ತದೆ. ಬೀಗರ ಮನೆಯಲ್ಲಿ ಒಮ್ಮೆ ಸಾರಿನ ಬಟ್ಟಲು ಉರುಳಿಸಿ, ಬೀಗಿತ್ತಿಯ ಹೊಸ ಸೀರೆಗೆ ಬಣ್ಣ ಹಾಕಿದ್ದೂ ಅದೇ ಕಾಲು. ಅದರ ಹೆಬ್ಬೆರಳಿಗೇ ಗಾಯವಾಗಿ, ಸಕ್ಕರೆ ಕಾಯಿಲೆಯ ದೆಸೆಯಿಂದ ಮಾಯದೆ ಕೂತಿತು. "ನಂಜು ಹಿಂಗ ಏರಿದ್ರ ಬೆರಳು ತಗೀಬೇಕಾಗತೈತ್ರಿ ಕಾಕಾರ" ಎಂದರು ಜಮಖಂಡಿಯ ಡಾಕ್ಟರು. ನನಗೆ ನಿಜಕ್ಕೂ ಭಯವಾಯಿತು. ಹೆಬ್ಬೆರಳಿಲ್ಲದ ಕಾಲಿನ ಮಾತನ್ನು ಮಗ್ಗ ಕೇಳುವುದಿಲ್ಲ.

"ಕೋಲ್ಡ್ ಪ್ಲಾಸ್ಮಾ ಅಂತ ಹೊಸಾ ಯಂತ್ರ ಬಂದೈತಿ, ನೋಡೂಣು ಬರ್ರಿ" ಎಂದೂ ಅವರು ಹೇಳಿದ್ದರು. ಮನೆಗೆ ಬಂದು ಹೆಂಡತಿ ಶಾಂತವ್ವನಿಗೆ ಅದನ್ನು 'ಥಂಡಿ ಪ್ಲಾಸ್ಮಾ' ಎಂದು ಅನುವಾದಿಸಿದ್ದೇ ತಪ್ಪಾಯಿತು. "ಗಾಯಕ್ಕ ಥಂಡಿ ಹತ್ತಿದ್ರ ನಂಜು ಇನ್ನೂ ಏರತೈತ್ರಿ!" ಎಂದು ನನಗೆ ಉಣ್ಣೆಯ ಮಫ್ಲರು ಸುತ್ತಿ, ಸುಡುಬಿಸಿಲಲ್ಲಿ ಬಸ್ಸು ಹತ್ತಿಸಿ, ತಾನೂ ಹತ್ತಿದಳು. ಜಮಖಂಡಿ ಬರುವಷ್ಟರಲ್ಲಿ ಬೆವರಿ ತೊಪ್ಪೆಯಾಗಿದ್ದೆ.

ಡಾಕ್ಟರು ನಕ್ಕು ತಿಳಿಸಿ ಹೇಳಿದರು: ಗಾಳಿಗೆ ಕರೆಂಟು ಹಾಯಿಸಿದರೆ ನೀಲಿ ಬೆಳಕು ಹುಟ್ಟುತ್ತದೆ, ಅದು ಕ್ರಿಮಿಗಳನ್ನು ಕೊಲ್ಲುತ್ತದೆ, ಚರ್ಮ ಸುಡುವುದಿಲ್ಲ, ಅದಕ್ಕೇ ಕೋಲ್ಡ್. ಪೆನ್ನಿನಂಥದ್ದನ್ನು ಹೆಬ್ಬೆರಳಿನ ಹತ್ತಿರ ಹಿಡಿದು ಸ್ವಿಚ್ ಒತ್ತಿದರು. ಯಂತ್ರ ಟಕಟಕ ಎಂದಿತು. ಮಗ್ಗ ಶುರುವಾಯಿತೆಂದು ತಿಳಿದ ನನ್ನ ಕಾಲು ತುಳಿಯತೊಡಗಿತು! ಬೆಳಕು ಹಿಮ್ಮಡಿಗೆ ಬಿತ್ತು, ಕಿರುಬೆರಳಿಗೆ ಬಿತ್ತು, ಡಾಕ್ಟರ ಕೈಗೂ ಬಿತ್ತು, ಹೆಬ್ಬೆರಳೊಂದನ್ನು ಬಿಟ್ಟು ಎಲ್ಲ ಕಡೆ ಬಿತ್ತು. ಕೊನೆಗೆ ಡಾಕ್ಟರು ಬೆವರೊರೆಸಿಕೊಂಡು, "ಕಾಕಾರ, ನನ್ನ ಕೈಯಾಗಿನ ಕ್ರಿಮಿ ಎಲ್ಲಾ ಸತ್ತೂರಿ. ನಿಮ್ಮವು ಆರಾಮ ಅದಾವು" ಎಂದರು.

ನಾಚಿಕೆಗೆ ನೆಲ ನೋಡಿದೆ. ಬೆರಳು ಉಳಿಸಲು ಬಂದ ಯಂತ್ರವನ್ನು ಕಾಲೇ ಒದ್ದು ಓಡಿಸುತ್ತಿತ್ತು. ಶಾಂತವ್ವ ಎದ್ದಳು, ನನ್ನ ಕೊರಳಿನ ಮಫ್ಲರು ಬಿಚ್ಚಿ ಮೊಣಕಾಲಿನ ಕೆಳಗೆ ಸುತ್ತಿ ಸ್ಟೂಲಿಗೆ ಬಿಗಿದಳು. "ಹಾಂ, ಈಗ ಹೊಡೀರಿ ನಿಮ್ಮ ಥಂಡಿ" ಎಂದಳು.

ಹೀಗೇ ಕಾಲು ಕಟ್ಟಿಸಿಕೊಂಡು ಕೆಲವು ಸಲ ಬೆಳಕು ಹಾಯಿಸಿಕೊಂಡೆ. ಹೋದ ಸಲ ಡಾಕ್ಟರು ಬ್ಯಾಂಡೇಜು ಬಿಚ್ಚಿ, "ನಂಜು ಇಳದೈತಿ, ಬೆರಳು ಉಳೀತು" ಎಂದಾಗ ನನಗಿಂತ ಮೊದಲು ಶಾಂತವ್ವನೇ ಅತ್ತಳು. ಗಾಯ ಪೂರ್ತಿ ಮಾಯುವ ತನಕ ಮಗ್ಗಕ್ಕೆ ಇಳಿಯಬಾರದಂತೆ. ಹಾಗಾಗಿ ಮನೆಯಲ್ಲೂ ಬಲಗಾಲನ್ನು ಮಂಚಕ್ಕೆ ಕಟ್ಟಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬಲಗಾಲು ಈಗ ಗಪ್ಪಾಗಿದೆ. ಆದರೆ ಶಾಂತವ್ವ ಇನ್ನೊಂದು ಮಫ್ಲರು ಹುಡುಕುತ್ತಿದ್ದಾಳೆ. ಎಡಗಾಲು ಆಗಲೇ ಕೆಲಸ ಕಲಿತುಬಿಟ್ಟಿದೆ.