ಹೊಂಡದ ಮರಿಗಳೂ ಪಾವಗಡದ ಪುರಿಯೂ

ಹೊಸದಾಗಿ ಏನಾದರೂ ಗೊತ್ತಾದರೆ ಅದನ್ನು ನಾಲ್ಕು ಜನಕ್ಕೆ ಹೇಳುವವರೆಗೆ ಕೆಲವರಿಗೆ ಅನ್ನ ಇಳಿಯುವುದಿಲ್ಲ. ನಾನು ಆ ಪೈಕಿ. ಶಿರಾಕ್ಕೆ ಹೋಗಿ ಮೀನು ಸಾಕಣೆ ತರಬೇತಿ ಮುಗಿಸಿ ಬಂದದ್ದೇ ತಡ, ಕಳ್ಳಂಬೆಳ್ಳದ ಪಕ್ಕದ ನಮ್ಮೂರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಪ್ರೋಟೀನಿನ ಪಾಠ ಶುರುಮಾಡಿಬಿಟ್ಟೆ. ಬೀದಿಯಲ್ಲಿ ಮೊಟ್ಟೆಯ ಚಿಪ್ಪು ಕಂಡರೂ ಬಾಗಿಲಿಗೆ ನೀರು ಚಿಮುಕಿಸುವ ಮನೆ ನಮ್ಮದು. ಅಂಥ ಮನೆಯ ಸೊಸೆ ಕೃಷಿ ಹೊಂಡಕ್ಕೆ ಮೀನುಮರಿ ಬಿಟ್ಟಳು ಅಂದರೆ ಸುಮ್ಮನೆಯೇ? ಮೇವಿನ ಚೀಲ ಹೊಸ್ತಿಲು ದಾಟಬಾರದು ಅಂದರು ಅತ್ತೆ. ನಮ್ಮೆಜಮಾನರ ಷರತ್ತು ಇನ್ನೂ ಕಠಿಣ: ಕೆರೆಯ ಮೀನಿನ ಗುತ್ತಿಗೆದಾರ ಮರಿ ಕೊಳ್ಳಲು ಬರುವ ಹೊತ್ತಿಗೆ ಅವು ಬೆರಳುದ್ದ ಆಗದಿದ್ದರೆ ಹೊಂಡ ಖಾಲಿ, ನೀರೆಲ್ಲ ದಾಳಿಂಬೆಗೆ. ಮರಿಗಳು ಆಗ ಹುಣಸೆಬೀಜದಷ್ಟಿದ್ದವು.

ಏನು ಖುಷಿ ಅಂತೀರಿ! ಬೆಳಗಾದರೆ ಕಡಲೆಕಾಯಿ ಹಿಂಡಿ, ತೌಡು, ಒಣಮೀನಿನ ಪುಡಿ ಕಲಸಿ ಉಂಡೆ ಕಟ್ಟಿಕೊಂಡು ಓಡುತ್ತಿದ್ದೆ. ಎಳೆ ಮೀನಿಗೆ ಮೈ ಕಟ್ಟಲು ಪ್ರೋಟೀನು ಬೇಕು, ಈಜಾಡಲು ಶಕ್ತಿ ಬೇಕು. ಶಕ್ತಿ ಕಮ್ಮಿಯಾದರೆ ಪ್ರೋಟೀನನ್ನೇ ಉರಿಸಿಕೊಳ್ಳುತ್ತವೆ, ಮನೆಯ ತೊಲೆ ಕಡಿದು ಒಲೆಗಿಟ್ಟ ಹಾಗೆ. ಹೆಚ್ಚಾದರೋ, ಹೊಟ್ಟೆ ತುಂಬಿತೆಂದು ಬಾಯಿ ಮುಚ್ಚಿಬಿಡುತ್ತವೆ. ಬೆಳೆಯಲು ಬೇಕಾದದ್ದು ಒಳಗೇ ಹೋಗಿರುವುದಿಲ್ಲ. ಇದನ್ನು ಹಾಲಿನವನಿಗೂ ಹೇಳಿದೆ, ನೆಂಟರಿಗೂ ಹೇಳಿದೆ, ಬಂದು ನೋಡಿ ಅಂತ ಎಲ್ಲರನ್ನೂ ಕರೆದೆ.

ಬಂದರು. ಬರಿಗೈಯಲ್ಲಿ ಬರಲಿಲ್ಲ, ಅದೇ ಫಜೀತಿ. ನಮ್ಮ ಕಡೆ ಮೀನಿರುವ ನೀರು ಕಂಡರೆ ದೇವಸ್ಥಾನದ ಕಲ್ಯಾಣಿ ಅಂತಲೇ ಲೆಕ್ಕ. ಪುರಿ, ಅದೇ ಮಂಡಕ್ಕಿ, ಎಸೆದು ಕೈಮುಗಿಯಲೇಬೇಕು. ಪಾವಗಡದ ಚಿಕ್ಕಮ್ಮನಂತೂ ಒಂದು ಚೀಲವನ್ನೇ ಹೊತ್ತು ತಂದರು. ನೆಂದ ಪುರಿ ಮೆದ್ದ ಮರಿಗಳು ನನ್ನ ಉಂಡೆಯ ಕಡೆ ತಿರುಗಿಯೂ ನೋಡಲಿಲ್ಲ. ದಿನಗಳು ಕಳೆದರೂ ಹುಣಸೆಬೀಜ ಹುಣಸೆಬೀಜವಾಗಿಯೇ ಉಳಿಯಿತು. ನಮ್ಮೆಜಮಾನರು ಪಂಪಿನ ಪೈಪು ತಂದು ದಡದಲ್ಲಿಟ್ಟರು. ನನಗೆ ಅಳುವೇ ಬಂತು. ಅತ್ತೆಯ ಹತ್ತಿರ ಗೋಳು ಹೇಳಿಕೊಳ್ಳಲು ಹೋದರೆ ಅವರೂ ಹೊಂಡದ ದಡದಲ್ಲೇ, ಸೆರಗಿನ ತುಂಬಾ ಪುರಿ.

"ಎಳೇ ಕೂಸುಗಳು ಕಣಮ್ಮ, ಹೆಂಗೆ ಮೇಲಕ್ಕೆ ಬತ್ತವೆ ನೋಡು. ಇಲ್ಲ ಅಂತ ಹೆಂಗನ್ಲಿ?"

ಪುಣ್ಯಕ್ಕೆ ಅಡ್ಡ ಬರುವ ಧೈರ್ಯ ನನಗಿಲ್ಲ. ಅದಕ್ಕೆ ಮಾರನೆಯ ದಿನದಿಂದ ಬೇಲಿಯ ಹತ್ತಿರ ಮೊರ ಇಟ್ಟುಕೊಂಡು ಕೂತೆ. ಬಂದವರ ಪುರಿ ಇಸಕೊಂಡು ಅವರ ಕೈಗೆ ನನ್ನ ಉಂಡೆ ಕೊಟ್ಟೆ. ಇದನ್ನು ಹಾಕಿದರೂ ಅಷ್ಟೇ ಪುಣ್ಯ ಅಂದೆ. ಅತ್ತೆಗೆ ಮಾತ್ರ ಬರೀ ಹಿಂಡಿಯ ಉಂಡೆ, ಒಣಮೀನು ಸೋಕದ್ದು. ಉಂಡೆ ಬಿದ್ದಲ್ಲೆಲ್ಲ ಮರಿಗಳು ಮುತ್ತಿ ನೀರು ಕುದಿಯತೊಡಗಿತು.

ಕೆಲವು ವಾರ ಕಳೆದು ಗುತ್ತಿಗೆದಾರ ಬಂದು ಬಲೆ ಎತ್ತಿ, ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡ. ಬೆರಳುದ್ದ, ಇನ್ನೂ ಚೂರು ಜಾಸ್ತಿಯೇ! ನಾನು ದಡದ ಮೇಲೆ ಕುಣಿದುಬಿಟ್ಟೆ. ನಮ್ಮೆಜಮಾನರು ಪೈಪು ಸುತ್ತಿಕೊಂಡು ಹೊರಟರು.

ಆ ಮಧ್ಯಾಹ್ನ ಅತ್ತೆ ಖುಷಿಯಿಂದ ಹುರುಳಿಕಾಳಿನ ಸಾರು ಮಾಡಿ ಬಡಿಸಲು ಬಂದರು. ಹೊಟ್ಟೆ ತುಂಬಿದೆ, ಬೇಡ ಅಂದೆ. ಅವರು ಸೌಟು ಹಿಡಿದು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

"ಮೊರದಾಗಿನ ಪುರಿಯೆಲ್ಲ ಎಲ್ಲೋಯ್ತು ಅಂತ ಇವಾಗ ಗೊತ್ತಾಯ್ತು ಬುಡು. ಮೀನು ಉದ್ದಕ್ಕೆ ಬೆಳೆದ್ವು, ನೀನು ಅಗಲಕ್ಕೆ."

ನಾನು ಸೀರೆ ಸರಿಮಾಡಿಕೊಂಡೆ. ಈಚೆಗೆ ಅದರಲ್ಲಿ ಒಂದು ನೆರಿಗೆ ಕಮ್ಮಿ ಬರುತ್ತಿದೆ.