ಧರೆಪ್ಪನ ಕಬ್ಬಿನ ನಡುವಿನ ರಾಷ್ಟ್ರೀಯ ಉದ್ಯಾನ

ಕಾಡುಪ್ರಾಣಿ ನೋಡಬಯಸುವವರು ಯಾವ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂಬುದನ್ನು ಅವರಿಗೇ ಬಿಟ್ಟರೆ ಅನಾಹುತವಾದೀತೆಂದು ಚಿಕ್ಕೋಡಿಯಲ್ಲಿ ಒಂದು ಆಯ್ಕೆ ಸಮಿತಿ ರಚನೆಯಾಯಿತು. ಅಧ್ಯಕ್ಷ ಅಭಿನಂದನ ಅವರ ನೇತೃತ್ವದಲ್ಲಿ ಸಮಿತಿಯು ಮೂರು ಅಡವಿಗಳನ್ನು ಕುಟುಂಬ ಸಮೇತ ಅಧ್ಯಯನ ಮಾಡಿತು. ಹುಲಿ ಕಾಣಲಿಲ್ಲ, ಹುಲಿ ಇದೆ ಎಂಬ ಫಲಕ ಕಂಡಿತು. ಎಲ್ಲರೂ ಅದರ ಜೊತೆ ಫೋಟೊ ತೆಗೆಸಿಕೊಂಡರು.

ಅದೇ ವಾರ ಉಗಾರ ಬುದ್ರುಕದ ಧರೆಪ್ಪನ ಕಬ್ಬು ಕಟಾವು ನಡೆದಿತ್ತು. ನಮ್ಮ ಕಡೆ ಗ್ಯಾಂಗಿನವರು ನಾಲ್ಕೂ ದಿಕ್ಕಿನಿಂದ ಕಡಿಯುತ್ತ ಬಂದಂತೆ ಒಳಗಿನ ಮೊಲ, ನರಿ, ಹಂದಿಗಳೆಲ್ಲ ನಡುವೆ ಉಳಿದ ತುಣುಕಿಗೆ ಸರಿಯುತ್ತವೆ. ಅದನ್ನು ಕಡಿಯುವ ಹೊತ್ತಿಗೆ ಊರೆಲ್ಲ ಬದುವಿನ ಮೇಲೆ ನಿಂತಿರುತ್ತದೆ. ಈ ಸಲ ಅಲ್ಲಿಂದ ಚಿರತೆ ಇಣುಕಿತು. ಗ್ಯಾಂಗಿನವರು ಓಡಿಹೋದರು, ಸಮಿತಿ ಓಡಿಬಂತು.

ಮೂರು ಅಡವಿಯಲ್ಲಿ ಕಾಣದ್ದು ಇಲ್ಲಿ ಕಂಡದ್ದರಿಂದ ಆ ತುಣುಕನ್ನೇ ಅತ್ಯುತ್ತಮ ರಾಷ್ಟ್ರೀಯ ಉದ್ಯಾನವೆಂದು ಒಮ್ಮತದಿಂದ ಆರಿಸಲಾಯಿತು. ಕೊನೆಯ ತುಣುಕಿನಲ್ಲೇ ಪ್ರಾಣಿ ಕಾಣುವುದು ರುಜುವಾತಾಗಿದ್ದರಿಂದ ಅದನ್ನು ಎಂದಿಗೂ ಕಡಿಯಕೂಡದೆಂಬ ನಿಯಮವೂ ಬಂತು.

ಧರೆಪ್ಪ ಕಂಗಾಲಾದ. ಹೊಲದಲ್ಲಿ ಭರ್ತಿ ಬೆಳೆದ ಕಬ್ಬೆಂದರೆ ಅದೇ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿಯುವುದರಲ್ಲಿತ್ತು. ಹೊಳೆಯ ಕಡೆ ಹೋದ ಹೆಜ್ಜೆಗುರುತು ಕಂಡದ್ದೇ ಅಧ್ಯಕ್ಷರನ್ನು ಕರೆತಂದ.

“ಸಾಹೇಬ್ರ, ಚಿರತಿ ಹೊಳಿ ದಂಡಿ ಹಿಡದು ಹೋಗೇತ್ರಿ. ಇನ್ನ ಕಬ್ಬ ಕಡೀಲೇನ್ರಿ?”

“ಕಾಣಂಗಿಲ್ಲ ಅಂದಕೂಡ್ಲೆ ಇಲ್ಲ ಅಂದಂಗೇನ್ರಿ ಧರೆಪ್ಪ? ಆ ಮೂರೂ ಅಡವ್ಯಾಗ ನಮಗೇನೂ ಕಾಣಲಿಲ್ಲ. ಅವನ್ನೇನ ಕಡದ ಹಾಕ್ಯಾರೇನು?”

“ಕಬ್ಬ ಒಣಗತೈತ್ರಿ.”

“ನೀರ ಹಾಯಸ್ರಿ. ಉದ್ಯಾನ ಹಸರ ಇರಬೇಕು. ಒಳಗ ಹೋಗೂ ಮುಂದ ತಿಕೀಟ ತಗೊಂಡ ಹೋಗ್ರಿ.”

ಈ ಮಾತಿನಲ್ಲಿ ತಪ್ಪು ಹುಡುಕುತ್ತ ಧರೆಪ್ಪ ಸಂಜೆಯವರೆಗೂ ಬದುವಿನ ಮೇಲೆ ಕೂತ. ಸಿಗಲಿಲ್ಲ. ಪಾಪ, ಸಮಿತಿಯ ಮಾತಿನಲ್ಲಿ ತಪ್ಪು ಹುಡುಕಲು ಇನ್ನೊಂದು ಸಮಿತಿಯೇ ಬೇಕಾಗುತ್ತದೆ.

ಮರುದಿನ ತಿಕೀಟು ತೆಗೆದುಕೊಂಡು ನೀರು ಹಾಯಿಸಲು ಒಳಗೆ ಹೋದ. ಕಬ್ಬು ಅಲುಗಿತು. ಹೊರಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತಿದ್ದ ಪ್ರವಾಸಿಗರು ಉಸಿರು ಬಿಗಿಹಿಡಿದರು. ಧರೆಪ್ಪನಿಗೆ ಕೆಮ್ಮು ಒತ್ತಿಬಂತು; ಉದ್ಯಾನದಲ್ಲಿ ಗದ್ದಲ ನಿಷಿದ್ಧವಾದ್ದರಿಂದ ನುಂಗಿಕೊಂಡ. ‘ಬೆಳೆದ ಗಂಡು, ಒಂದು’ ಎಂದು ಅಂದು ಕಂಡ ಚಿರತೆಗಳ ಫಲಕದ ಮೇಲೆ ಬರೆಯಲಾಯಿತು.

ಹಂಗಾಮು ಮುಗಿದು ಕಾರ್ಖಾನೆ ಬಂದ್ ಆಯಿತು. ಕಬ್ಬಿಗೆ ಹೂ ಬಂತು. ಹೂ ನೋಡಲು ಇನ್ನಷ್ಟು ಜನ ಬಂದರು. ಪಕ್ಕದ ಹೊಲದ ಭೀಮಗೊಂಡನೂ ನಡುವೆ ಒಂದು ತುಣುಕು ಬಿಟ್ಟು ಅರ್ಜಿ ಹಾಕಿದ. ಒಳಗೆ ಓಡಾಡಲು ಆಳು ಇಲ್ಲವೆಂಬ ಕಾರಣಕ್ಕೆ ತಿರಸ್ಕೃತವಾಯಿತು.

ಒಂದು ಮುಂಜಾನೆ ಹೊತ್ತೇರಿದರೂ ಧರೆಪ್ಪ ಚಹಾ ಕುಡಿಯುತ್ತ ಕೂತಿದ್ದ. ಹೆಂಡತಿ ಕಸ್ತೂರೆವ್ವ ಸಿಡುಕಿದಳು.

“ಇನ್ನೂ ಕುಂತೀರಲ್ರಿ? ನಿಪ್ಪಾಣಿಯಿಂದ ಮಂದಿ ಬಂದೈತಿ. ಲಗೂನ ಹೋಗಿ ಒಂದೀಟ ಕಾಣಸ್ಕೊಂಡ ಬರ್ರಿ.”

“ಪೂರಾ ಕಾಣಸ್ಕೊಂಡ್ರ ನಾಳೆ ಯಾರೂ ಬರಂಗಿಲ್ಲ,” ಎಂದು ಧರೆಪ್ಪ ತಿಕೀಟು ಜೇಬಿಗೆ ಹಾಕಿಕೊಂಡು ಎದ್ದ. “ಬರೇ ಕಬ್ಬ ಅಳ್ಳಾಡಸ್ತೇನಿ.”